ಮೈಸೂರಿನ ಒಂದು ಹಜಾರದ ಗೋಡೆ: ಗ್ಲೇಜ್ ಯಾಕೆ ಕೆಟ್ಟಿತು, ಹೇಗೆ ಸರಿಯಾಯಿತು

ಮೈಸೂರಿನ ಒಂಟಿಕೊಪ್ಪಲಿನಲ್ಲಿ ಒಂದು ಹಳೇ ಮನೆ. ಇಟ್ಟಿಗೆ ಮತ್ತು ಸುಣ್ಣದ ಗಾರೆಯ ದಪ್ಪ ಗೋಡೆಗಳು, ರೆಡ್ ಆಕ್ಸೈಡ್ ನೆಲ, ಮೇಲೆ ಮರದ ತೊಲೆಗಳ ಮೇಲೆ ಇಟ್ಟಿಗೆ, ಸುಣ್ಣ ಹಾಕಿದ ಮದ್ರಾಸ್ ತಾರಸಿ. ನಿವೃತ್ತ ಮೇಷ್ಟ್ರು ಮತ್ತು ಅವರ ಹೆಂಡತಿ, ಇಬ್ಬರೇ ಇರುವುದು. ಹಜಾರದ ಪಶ್ಚಿಮದ ಗೋಡೆ 14 ಅಡಿ ಉದ್ದ, 10 ಅಡಿ ಎತ್ತರ. ಬಾಗಿಲು ದಾಟಿ ಒಳಗೆ ಬಂದವರಿಗೆ ಮೊದಲು ಕಾಣುವುದೇ ಅದು. ಬೆಂಗಳೂರಿನಲ್ಲಿರುವ ಮಗಳು ಯಾವುದೋ ಹೋಟೆಲಿನ ಗೋಡೆಯ ಫೋಟೋ ಕಳಿಸಿದ್ದರು. ಬೂದು ಬಣ್ಣ, ಒಂದು ಕಡೆ ತಿಳಿ, ಇನ್ನೊಂದು ಕಡೆ ಗಾಢ, ಎಲ್ಲಿ ಶುರು ಎಲ್ಲಿ ಮುಗಿಯಿತು ಅಂತ ಗೊತ್ತಾಗದ ಹಾಗೆ ಒಂದರೊಳಗೊಂದು ಕರಗಿದ್ದವು. ಬೇಸ್ ಬಣ್ಣದ ಮೇಲೆ ಪಾರದರ್ಶಕವಾದ ಬಣ್ಣ ಹಚ್ಚುವ ಈ ಕೆಲಸಕ್ಕೆ ಗ್ಲೇಜ್ ಅನ್ನುತ್ತಾರೆ. ಆಷಾಢಕ್ಕೆ ಮುಂಚೆ ಅವರ ನಿಶ್ಚಿತಾರ್ಥ. ಅಷ್ಟರೊಳಗೆ ನಮ್ಮ ಗೋಡೆಯೂ ಹೀಗಾಗಬೇಕು ಅನ್ನುವುದು ಅವರ ಆಸೆ.

ಏಪ್ರಿಲ್‌ನಲ್ಲಿ ಪರಿಚಯದ ಪೇಂಟರ್ ಒಬ್ಬರು ಕೆಲಸ ಮಾಡಿ ಮುಗಿಸಿದರು. ಅದಾದ ಮೇಲೆ ಮೇಷ್ಟ್ರು ನನಗೆ ಫೋನ್ ಮಾಡಿದರು.

ನಾನು ನೋಡಿದಾಗ ಗೋಡೆಯಲ್ಲಿ ಮೂರು ತೊಂದರೆ ಒಟ್ಟಿಗೇ ಕಾಣುತ್ತಿದ್ದವು. ಮೇಲಿಂದ ಕೆಳಗೆ ಸುಮಾರು ಒಂದೂವರೆ ಅಡಿಗೊಂದರಂತೆ ಗಾಢ ಪಟ್ಟೆ. ಮಧ್ಯೆ ಮಧ್ಯೆ ಅಂಗೈ ಅಗಲದ ಕಪ್ಪು ಮಚ್ಚೆ. ನೆಲದಿಂದ ಸುಮಾರು ಎರಡು ಅಡಿಯವರೆಗೆ ಬಣ್ಣ ಗುಳ್ಳೆ ಎದ್ದಿತ್ತು. ಗುಳ್ಳೆ ಒತ್ತಿದರೆ ಒಡೆದು ಒಳಗಿಂದ ಬಿಳಿ ಪುಡಿ ಉದುರುತ್ತಿತ್ತು.

"ಇದರ ಮೇಲೇ ಇನ್ನೊಂದು ಕೋಟ್ ಹೊಡೆದುಬಿಟ್ಟರೆ ಮುಚ್ಚಿ ಹೋಗುತ್ತೆ ಅಲ್ವಾ?" ಅಂತ ಮೇಷ್ಟ್ರು ಕೇಳಿದರು.

ಹೋಗುವುದಿಲ್ಲ. ಗೋಡೆಗೆ ಗ್ಲೇಜ್ ಮಾಡಿಸಬೇಕು ಅನ್ನುವವರೆಲ್ಲ ಮೊದಲು ತಿಳಿದುಕೊಳ್ಳಬೇಕಾದ ಮಾತು ಇದೇ. ನಮ್ಮಲ್ಲಿ ಇಂಥ ಕೆಲಸಕ್ಕೆಲ್ಲ ಒಟ್ಟಾರೆ ಟೆಕ್ಸ್ಚರ್ ಅಂದುಬಿಡುತ್ತಾರೆ. ಆದರೆ ಟೆಕ್ಸ್ಚರ್‌ಗೆ ಒಂದು ದಪ್ಪ ಇರುತ್ತದೆ. ಸಣ್ಣಪುಟ್ಟ ಉಬ್ಬು ತಗ್ಗನ್ನು ಅದು ಮುಚ್ಚುತ್ತದೆ. ಗ್ಲೇಜ್ ಹಾಗಲ್ಲ. ಅದು ಪಾರದರ್ಶಕವಾದ ಒಂದು ದ್ರವಕ್ಕೆ ಸ್ವಲ್ಪವೇ ಬಣ್ಣ ಸೇರಿಸಿದ್ದು. ಬಣ್ಣದ ಕನ್ನಡಕದ ಹಾಗೆ ಕೆಲಸ ಮಾಡುತ್ತದೆ. ಬೆಳಕು ಅದನ್ನು ದಾಟಿ ಕೆಳಗಿನ ಬೇಸ್ ಕೋಟ್‌ಗೆ ಬಡಿದು ವಾಪಸ್ ಬರುತ್ತದೆ. ಗೋಡೆಗೆ ಒಂದು ಆಳ ಬಂದಂತೆ ಕಾಣುವುದು ಅದರಿಂದಲೇ. ಕೆಳಗೆ ಏನಿದೆಯೋ ಅದೆಲ್ಲ ಮೇಲೆ ಕಾಣುತ್ತದೆ. ತಗ್ಗಿನಲ್ಲಿ ಗ್ಲೇಜ್ ಜಾಸ್ತಿ ನಿಂತು ಗಾಢವಾಗುತ್ತದೆ, ಉಬ್ಬಿನ ಮೇಲೆ ತೆಳುವಾಗುತ್ತದೆ. ಸಾದಾ ಪೇಂಟ್‌ನಲ್ಲಿ ಯಾರೂ ಗಮನಿಸದ, ಗೋಡೆ ಸಮ ಮಾಡಲು ಮೆತ್ತುವ ಪುಟ್ಟಿಯ ಗೆರೆ ಕೂಡ ಗ್ಲೇಜ್ ಹೊಡೆದ ಮೇಲೆ ಎದ್ದು ಕಾಣುತ್ತದೆ.

ಮೂರು ತೊಂದರೆ, ಮೂರು ಕಾರಣ

ಪಟ್ಟೆಗಳ ಕಾರಣ ಹುಡುಕುವುದು ಸುಲಭವಾಗಿತ್ತು. ಬೇಸ್ ಕೋಟ್ ಹೊಳಪಿಲ್ಲದ ಮ್ಯಾಟ್ ಎಮಲ್ಷನ್ (ಪ್ಲಾಸ್ಟಿಕ್ ಪೇಂಟ್). ಸೋಫಾದ ಹಿಂದೆ ಗ್ಲೇಜ್ ಹೊಡೆಯದೆ ಬಿಟ್ಟಿದ್ದ ಜಾಗದಲ್ಲಿ ಒದ್ದೆ ಬೆರಳಿಂದ ನಾಲ್ಕು ಹನಿ ನೀರು ಹಾಕಿದೆ. ಗೋಡೆ ತಕ್ಷಣ ಕುಡಿದುಬಿಟ್ಟಿತು. ಗ್ಲೇಜನ್ನೂ ಅದು ಹಾಗೇ ಕುಡಿದಿರುತ್ತದೆ. ಮೇಲೆ ಒದ್ದೆಯಾಗಿ ನಿಂತರೆ ತಾನೇ ಬಟ್ಟೆಯಲ್ಲೋ ಬ್ರಷ್‌ನಲ್ಲೋ ಆಡಿಸಲು ಆಗುವುದು? ಸಾಲದ್ದಕ್ಕೆ ಏಪ್ರಿಲ್ ತಿಂಗಳು, ಮಧ್ಯಾಹ್ನದ ಹೊತ್ತು. ಸೆಕೆ ಅಂತ ಫ್ಯಾನ್ ಹಾಕಿಕೊಂಡು ಒಬ್ಬರೇ ಕೆಲಸ ಮಾಡಿದ್ದಾರೆ. ಒಂದು ಪಟ್ಟಿ ಹಚ್ಚಿ, ಏಣಿ ಇಳಿದು, ಏಣಿ ಸರಿಸಿ, ಮತ್ತೆ ಹತ್ತುವಷ್ಟರಲ್ಲಿ ಹಿಂದಿನ ಪಟ್ಟಿಯ ಅಂಚು ಒಣಗಿರುತ್ತದೆ. ಒಣಗಿದ ಅಂಚಿನ ಮೇಲೆ ಹೊಸದು ಬಿದ್ದಲ್ಲಿ ಎರಡು ಪದರು. ಆ ಎರಡು ಪದರೇ ಗಾಢ ಪಟ್ಟೆ.

ಒದ್ದೆ ಬಟ್ಟೆಯಲ್ಲಿ ಒರೆಸಿ ನೋಡಿದರೆ ಬೂದು ಬಣ್ಣ ಬಟ್ಟೆಗೆ ಬಂತು. ಅಂದರೆ ಹಚ್ಚಿದ್ದು ಗ್ಲೇಜೇ ಅಲ್ಲ, ಎಮಲ್ಷನ್‌ಗೆ ಸಿಕ್ಕಾಪಟ್ಟೆ ನೀರು ಬೆರೆಸಿದ್ದು. ಇದು ತುಂಬಾ ಕಡೆ ನಡೆಯುತ್ತದೆ. ಗ್ಲೇಜ್ ಮೀಡಿಯಂ ಎಲ್ಲ ಪೇಂಟ್ ಅಂಗಡಿಯಲ್ಲೂ ಇಡುವುದಿಲ್ಲ, ಹೇಳಿ ತರಿಸಬೇಕು. ನೀರು ನಲ್ಲಿಯಲ್ಲೇ ಬರುತ್ತದೆ. ಆದರೆ ನೀರು ಬೆರೆಸಿದಷ್ಟೂ ಬಣ್ಣವನ್ನು ಗೋಡೆಗೆ ಹಿಡಿದಿಡುವ ಅಂಟು ತೆಳುವಾಗುತ್ತದೆ. ಒಣಗುವುದೂ ಬೇಗ. ಗ್ಲೇಜ್ ಮೀಡಿಯಂನಲ್ಲಿ ಅಂಟು ಇರುತ್ತದೆ, ಬೇಗ ಒಣಗದ ಹಾಗೆ ನೋಡಿಕೊಳ್ಳುವ ಅಂಶವೂ ಇರುತ್ತದೆ. ನಾವು ದುಡ್ಡು ಕೊಡುವುದೇ ಆ ಹೆಚ್ಚುವರಿ ನಿಮಿಷಗಳಿಗೆ.

ಮಚ್ಚೆಗಳಿದ್ದದ್ದು ಹಳೇ ಮೊಳೆ ಕಿತ್ತು ಪುಟ್ಟಿ ತುಂಬಿದ ಜಾಗಗಳಲ್ಲಿ. ಪುಟ್ಟಿಯ ಮೇಲೆ ಪ್ರೈಮರ್, ಅಂದರೆ ಗೋಡೆ ಹೀರುವುದನ್ನು ಸಮ ಮಾಡುವ ಮೊದಲ ಕೋಟ್, ಹೊಡೆದಿರಲಿಲ್ಲ. ಸುತ್ತಲಿನ ಗೋಡೆಗಿಂತ ಪುಟ್ಟಿ ಜಾಸ್ತಿ ಹೀರಿಕೊಂಡಿತು, ಅಷ್ಟೇ.

ಕೆಳಗಿನ ಗುಳ್ಳೆಯದು ಬೇರೆಯೇ ಕಥೆ. ಬಿಳಿ ಪುಡಿಗೆ ನೀರು ಹಾಕಿದರೆ ಕರಗಿತು. ಬೂಷ್ಟು ಕರಗುವುದಿಲ್ಲ. ಹಾಗಾಗಿ ಇದು ಉಪ್ಪು. ಗೋಡೆಯೊಳಗಿನ ತೇವ ಹೊರಗೆ ಬರುವಾಗ ಉಪ್ಪನ್ನೂ ಜೊತೆಗೆ ತರುತ್ತದೆ. ನೀರು ಆರಿ ಹೋಗುತ್ತದೆ, ಉಪ್ಪು ಉಳಿದು ಬಣ್ಣವನ್ನು ಎತ್ತಿ ಹಾಕುತ್ತದೆ. ತೇವ ಎಷ್ಟು ಎತ್ತರದವರೆಗೆ ಇದೆ ಅಂತ ಗೊತ್ತಾಗಬೇಕಿತ್ತು. ಬಣ್ಣ ಕೆರೆದು, ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆಗಳನ್ನು ಬೇರೆ ಬೇರೆ ಎತ್ತರದಲ್ಲಿ ಗೋಡೆಗೆ ಒತ್ತಿ, ನಾಲ್ಕೂ ಕಡೆ ಟೇಪ್ ಹಾಕಿ ಒಂದು ಇಡೀ ದಿನ ಬಿಟ್ಟೆವು. ಬಿಚ್ಚಿದಾಗ ಕೆಳಗಿನ ಹಾಳೆಯ ಹಿಂಬದಿ ನೀರು ಹನಿ ಹನಿಯಾಗಿ ನಿಂತಿತ್ತು. ಮೂರು ಅಡಿ ಮೇಲಿನ ಹಾಳೆ ಪೂರ್ತಿ ಒಣಗಿತ್ತು. ನೀರು ಹಾಳೆಯ ಹೊರಮೈಮೇಲೆ ಕೂತಿದ್ದರೆ ಕೋಣೆಯ ಗಾಳಿಯ ತೇವ ಅನ್ನಬಹುದಿತ್ತು. ಹಿಂಬದಿಯಲ್ಲಿದ್ದರೆ ಅದು ಗೋಡೆಯದೇ.

ಹಾಗಾದರೆ ನೀರು ಎಲ್ಲಿಂದ? ಹೊರಗೆ ಹೋಗಿ ನೋಡಿದರೆ ಉತ್ತರ ಅಲ್ಲೇ ಇತ್ತು. ಅಮ್ಮ (ಮೇಷ್ಟ್ರ ಹೆಂಡತಿ) ಆ ಗೋಡೆಗೆ ಒತ್ತಿಕೊಂಡೇ ದಾಸವಾಳ, ಮಲ್ಲಿಗೆ, ದೊಡ್ಡಪತ್ರೆ ಬೆಳೆಸಿದ್ದರು. ವರ್ಷ ವರ್ಷ ಗೊಬ್ಬರ, ಮಣ್ಣು ಬಿದ್ದು ಪಾತಿ ಒಳಗಿನ ನೆಲಕ್ಕಿಂತ ಅರ್ಧ ಅಡಿ ಎತ್ತರವಾಗಿತ್ತು. ದಿನಾ ಬೆಳಿಗ್ಗೆ ಪೈಪಿನಲ್ಲಿ ನೀರು. ಸಾಲದೆ, ಹಿಂದೆ ಯಾವಾಗಲೋ ಗಾರೆ ಉದುರುತ್ತಿದೆ ಅಂತ ಹೊರಗಡೆ ಸಿಮೆಂಟ್ ಮೆತ್ತಿಸಿದ್ದಾರೆ. ಸುಣ್ಣದ ಗೋಡೆ ಎರಡೂ ಮುಖದಿಂದ ತೇವ ಬಿಡುತ್ತಾ ಆರುತ್ತದೆ. ಹೊರಗೆ ಸಿಮೆಂಟ್, ಒಳಗೆ ಪ್ಲಾಸ್ಟಿಕ್ ಪೇಂಟ್ ಬಂದರೆ ಅದು ಆರುವುದಕ್ಕೆ ದಾರಿ ಎಲ್ಲಿ?

ಏನು ತೀರ್ಮಾನ ಆಯಿತು

ಇಲ್ಲಿ ಸ್ವಲ್ಪ ವಾದ ನಡೆಯಿತು. ನಿಶ್ಚಿತಾರ್ಥ ಹತ್ತಿರದಲ್ಲಿತ್ತು. ತೇವ ತಡೆಯುವ ಕೆಮಿಕಲ್ ಬಳಿದು ಮೇಲೆ ಗ್ಲೇಜ್ ಮಾಡಿ ಅಂತ ಮಗಳು ಫೋನಿನಲ್ಲಿ ಹೇಳಿದರು. ಒಳಗಡೆಯಿಂದ ಹಾಗೆ ಬಂದ್ ಮಾಡಿದರೆ ತೇವ ಎಲ್ಲಿಗೂ ಹೋಗುವುದಿಲ್ಲ. ಇನ್ನೂ ಮೇಲಕ್ಕೆ ಏರಿ, ಆ ಪದರು ಮುಗಿದಲ್ಲಿ ಹೊರಗೆ ಬರುತ್ತದೆ. ಈಗ ಎರಡು ಅಡಿಯಲ್ಲಿರುವ ಉಪ್ಪು ಆಮೇಲೆ ನಾಲ್ಕು ಅಡಿಯಲ್ಲಿ, ಸರಿಯಾಗಿ ಕಣ್ಣಿಗೆ ಬೀಳುವ ಕಡೆ ಕಾಣಿಸಿಕೊಳ್ಳುತ್ತದೆ. ಇಂಥ ಹಳೇ ಗೋಡೆಯನ್ನು ಒಳಗಿಂದ ಬಿಗಿದು ಮುಚ್ಚುವುದನ್ನು ನಾನು ಯಾರಿಗೂ ಹೇಳುವುದಿಲ್ಲ. ಮನೆಯೇ ಹಾಳಾಗುತ್ತದೆ.

ಕೊನೆಗೆ ಒಪ್ಪಿದ್ದು ಹೀಗೆ. ಹೊರಗಡೆ ಮಣ್ಣು ಅಗೆದು ಪಾತಿಯನ್ನು ಒಳನೆಲಕ್ಕಿಂತ ಕೆಳಗೆ ಇಳಿಸುವುದು, ಗೋಡೆಯಿಂದ ಒಂದು ಅಡಿ ಬಿಟ್ಟು ಜಲ್ಲಿ ತುಂಬುವುದು, ಸಿಮೆಂಟ್ ಕಿತ್ತು ಸುಣ್ಣದ ಗಾರೆ ಮಾಡಿಸುವುದು. ಒಳಗೆ ಮೇಲ್ಭಾಗಕ್ಕೆ ಪುಟ್ಟಿ, ಪ್ರೈಮರ್ ಆದ ಮೇಲೆ ತಿಳಿ ಬಣ್ಣದ, ಸ್ವಲ್ಪ ಹೊಳಪಿನ ಸ್ಯಾಟಿನ್ ಎಮಲ್ಷನ್. ನಿಶ್ಚಿತಾರ್ಥಕ್ಕೆ ಅದೇ ಸಾದಾ ಗೋಡೆಯಾಗಿ ಚೆನ್ನಾಗಿ ಕಾಣುತ್ತದೆ, ಮುಂದೆ ಅದೇ ಗ್ಲೇಜಿನ ಬೇಸ್ ಆಗುತ್ತದೆ. ಮಳೆಗಾಲ ಕಳೆದ ಮೇಲೆ, ಮಾಘದಲ್ಲಿ ಮದುವೆ ಬರುವುದರೊಳಗೆ ಗ್ಲೇಜ್.

ಕೆಳಗಿನ ಎರಡೂವರೆ ಅಡಿಗೆ ಗ್ಲೇಜ್ ಬೇಡವೇ ಬೇಡ ಅಂದೆ. ಗೋಡೆ ಆರಲು ಒಂದು ಇಂಚು ದಪ್ಪಕ್ಕೆ ಒಂದು ತಿಂಗಳು ಅಂತ ಕಟ್ಟಡದವರ ಅಂದಾಜು ಲೆಕ್ಕ. ಈ ಗೋಡೆ ಒಂದೂವರೆ ಇಟ್ಟಿಗೆ ದಪ್ಪ, ಹತ್ತಿರ ಹತ್ತಿರ 14 ಇಂಚು. ಮದುವೆ ಅಷ್ಟು ದಿನ ಕಾಯುವುದಿಲ್ಲ. ಹಾಗಾಗಿ ಆ ಭಾಗಕ್ಕೆ ಹಳೇ ಪದ್ಧತಿಯ ಸುಣ್ಣವೇ ಸರಿ. ಗೋಡೆಗೆ ನೀರು ಚಿಮುಕಿಸಿಕೊಂಡು, ಹಳದಿ ಆಕ್ಸೈಡ್ ಬೆರೆಸಿದ ಸುಣ್ಣವನ್ನು ತೆಳುವಾಗಿ ಹಲವು ಸಲ ಬಳಿಯುವುದು. ಅದು ತೇವ ಬಿಡುತ್ತದೆ. ಉಪ್ಪು ಬಂದರೂ ಒಣ ಬ್ರಷ್‌ನಲ್ಲಿ ಒರೆಸಿ ಮತ್ತೆ ಬಳಿಯಬಹುದು. ಎರಡೂ ಸೇರುವಲ್ಲಿ ಮೂರು ಇಂಚಿನ ತೇಗದ ಪಟ್ಟಿ ಹೊಡೆದರೆ ಬೇಕೆಂದೇ ಮಾಡಿಸಿದ ಹಾಗೆ ಕಾಣುತ್ತದೆ. ಕುರ್ಚಿ ಬೆನ್ನು ತಾಗುವುದೂ ಆ ಪಟ್ಟಿಗೇ.

ತಯಾರಿ

ಗೋಡೆ ಕೆರೆದಾಗ ಈ ಮನೆಯ ಹಳೇ ಬಣ್ಣಗಳೆಲ್ಲ ಒಂದೊಂದಾಗಿ ಹೊರಬಂದವು. ಎಮಲ್ಷನ್, ಅದರ ಕೆಳಗೆ ಡಿಸ್ಟೆಂಪರ್, ಅದರ ಕೆಳಗೆ ನೀಲಿ ಬೆರೆಸಿದ ಸುಣ್ಣ. ಅಂಗೈಯಲ್ಲಿ ಉಜ್ಜಿದರೆ ಪುಡಿ ಬರುವ ಸುಣ್ಣದ ಮೇಲೆ ಎಷ್ಟು ಒಳ್ಳೆಯ ಪೇಂಟ್ ಹೊಡೆದರೂ ಅದು ಆ ಪುಡಿಯನ್ನು ಕಟ್ಟಿಕೊಂಡೇ ಕಳಚುತ್ತದೆ. ಗಟ್ಟಿ ಗಾರೆ ಸಿಗುವವರೆಗೆ ಕೆರೆಸಿದೆವು. ಕಿಟಕಿ ಚೌಕಟ್ಟಿನ ಹಳೇ ಎನಾಮೆಲ್ಲನ್ನು ಮಾತ್ರ ಒಣದಾಗಿ ಉಜ್ಜಲು ಬಿಡಲಿಲ್ಲ. ಮನೆಗೆ ಬಳಸುವ ಪೇಂಟ್‌ನಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಪಾಲಿಗೆ 90 ಪಾಲು) ದಾಟಬಾರದು ಅನ್ನುವ ನಿಯಮ ನಮ್ಮ ದೇಶದಲ್ಲಿ ಜಾರಿಗೆ ಬಂದದ್ದೇ 2017ರ ನವೆಂಬರ್‌ನಲ್ಲಿ. ಅದಕ್ಕೂ ಹಿಂದಿನ ಪೇಂಟ್ ಉಜ್ಜುವಾಗ ಒದ್ದೆ ಮಾಡಿಕೊಂಡೇ ಉಜ್ಜಬೇಕು, ಮಾಸ್ಕ್ ಹಾಕಿಕೊಳ್ಳಬೇಕು, ಮಕ್ಕಳನ್ನು ಹತ್ತಿರ ಬಿಡಬಾರದು.

ಪುಟ್ಟಿ ಎರಡು ತೆಳು ಕೋಟ್. ಆಮೇಲೆ ರಾತ್ರಿ ದೀಪ ಆರಿಸಿ, ಟಾರ್ಚನ್ನು ಗೋಡೆಗೆ ಆನಿಸಿ ಅಡ್ಡಲಾಗಿ ಬೆಳಕು ಬಿಟ್ಟು ನೋಡಿದೆವು. ಹಗಲಲ್ಲಿ ಸಮ ಅನ್ನಿಸಿದ್ದ ಗೋಡೆಯಲ್ಲಿ ಎಷ್ಟೊಂದು ಅಲೆ! ಕಂಡ ಕಂಡಲ್ಲಿ ಪೆನ್ಸಿಲ್‌ನಲ್ಲಿ ಸುತ್ತು ಹಾಕಿ, ಬೆಳಿಗ್ಗೆ ಅಷ್ಟನ್ನೇ ತುಂಬಿಸಿ, 220 ನಂಬರಿನ ಸ್ಯಾಂಡ್‌ಪೇಪರ್‌ನಲ್ಲಿ ಉಜ್ಜಿಸಿ, ಧೂಳು ಒರೆಸಿ ಇಡೀ ಗೋಡೆಗೆ ಪ್ರೈಮರ್ ಹೊಡೆಸಿದೆವು. ಈ ಗೋಡೆಗೆ ಟಾರ್ಚ್ ಪರೀಕ್ಷೆ ಬೇಕೇ ಬೇಕಿತ್ತು. ದಕ್ಷಿಣದ ಕಿಟಕಿ ಇದರ ಮೂಲೆಯಲ್ಲೇ ಇದೆ. ಬೆಳಕು ಗೋಡೆಯನ್ನು ಸವರಿಕೊಂಡೇ ಬರುತ್ತದೆ.

ಬಣ್ಣದ ವಿಚಾರಕ್ಕೆ ಜಾಸ್ತಿ ಹೊತ್ತು ಹಿಡಿಯಿತು. ಆದರೆ ಅದು ದಂಡವಾಗಲಿಲ್ಲ. ಫೋಟೋದಲ್ಲಿ ಇದ್ದದ್ದು ಬೂದು. ಹೋಟೆಲಿನ ನೆಲ ಬಿಳಿ ಅಮೃತಶಿಲೆ, ಇಲ್ಲಿ ಕೆಂಪು ನೆಲ. ಬಿಸಿಲು ಈ ನೆಲಕ್ಕೆ ಬಿದ್ದರೆ ಗೋಡೆಯ ಅರ್ಧದವರೆಗೆ ಕೆಂಪು ಬೆಳಕು ಏರುತ್ತದೆ. ಮಾತಿನಲ್ಲಿ ಹೇಳಿದರೆ ಯಾರೂ ನಂಬುವುದಿಲ್ಲ, ಹಾಗಾಗಿ ಹಲಗೆಗಳ ಮೇಲೆ ಮಾಡಿ ತೋರಿಸಿದೆ. ಎರಡು ಅಡಿ ಅಗಲದ ಹಾರ್ಡ್‌ಬೋರ್ಡ್ ತುಂಡುಗಳು, ಅದೇ ಪ್ರೈಮರ್, ಅದೇ ಬೇಸ್, ಮೇಲೆ ಬೇರೆ ಬೇರೆ ಗ್ಲೇಜ್. ಅವನ್ನು ಗೋಡೆಗೆ ಒರಗಿಸಿ ಹಾಗೇ ಬಿಟ್ಟುಬಂದೆ. ಬೆಳಿಗ್ಗೆ, ಸಂಜೆ, ದೀಪ ಹಾಕಿದ ಮೇಲೆ, ಎಲ್ಲ ಹೊತ್ತಲ್ಲೂ ಅವರೇ ನೋಡಲಿ ಅಂತ. ಬೂದು ಹಲಗೆ ಮಧ್ಯಾಹ್ನ ಮಂಕು ಗುಲಾಬಿಯಾಗಿ ಕಾಣಿಸಿತು. ಅದನ್ನು ಬೇಡ ಅಂದದ್ದು ಅಮ್ಮನೇ. ಅವರಿಗೆ ಹಿಡಿಸಿದ್ದು ಕೆನೆ ಬಣ್ಣದ ಬೇಸ್ ಮೇಲೆ ಗೋಪಿ ಬಣ್ಣದ ಗ್ಲೇಜ್. ಹಳದಿ ಆಕ್ಸೈಡ್‌ನ ಛಾಯೆಗೆ ಸ್ವಲ್ಪ ಕಂದು ಸೇರಿಸಿ ಮಾಡಿದ್ದು. ಬೇಸ್‌ಗೂ ಗ್ಲೇಜ್‌ಗೂ ಒಂದೇ ಕುಟುಂಬದ ಬಣ್ಣ, ಎರಡು ಛಾಯೆಯಷ್ಟೇ ಅಂತರ. ಅಂತರ ಜಾಸ್ತಿಯಾದರೆ ಕೋಣೆಗೆ ಬಂದವರ ಕಣ್ಣು ಅದರ ಮೇಲಿಂದ ಏಳುವುದೇ ಇಲ್ಲ, ದಿನಾ ಇರುವವರಿಗೆ ಬೇಗ ಸಾಕಾಗುತ್ತದೆ.

ಗ್ಲೇಜ್ ಹೊಡೆದ ಬೆಳಿಗ್ಗೆ

ಡಿಸೆಂಬರ್ ಬಂತು. ಬೇಸ್ ಗೋಡೆಯ ಧೂಳು ತೊಳೆದು, ಒಣಗಿಸಿ, ಅದೇ ಬಣ್ಣದ ಇನ್ನೊಂದು ಕೋಟ್ ಹೊಡೆದು ಒಂದು ದಿನ ಬಿಟ್ಟಿದ್ದೆವು. ನೀರಿನ ಹನಿ ಹಾಕಿದರೆ ಈಗ ಗೋಡೆ ಕುಡಿಯಲಿಲ್ಲ, ಹನಿ ಹಾಗೇ ಕೆಳಗೆ ಜಾರಿತು. ನಮಗೆ ಬೇಕಿದ್ದದ್ದು ಅದೇ.

ನಾಲ್ಕು ಪಾಲು ಗ್ಲೇಜ್ ಮೀಡಿಯಂ, ಒಂದು ಪಾಲು ಎಮಲ್ಷನ್, ಅರ್ಧ ಪಾಲು ನೀರು. ಇಡೀ ಗೋಡೆಗೆ ಬೇಕಾದದ್ದನ್ನು ಒಂದೇ ಬಕೆಟ್‌ನಲ್ಲಿ ಒಟ್ಟಿಗೇ ಕಲಸಿಕೊಂಡೆವು. ಅರ್ಧ ಗೋಡೆಗೆ ಬಂದಾಗ ಮುಗಿದು ಮತ್ತೆ ಕಲಸಿದರೆ ಬಣ್ಣ ಕೂಡುವುದಿಲ್ಲ. ಬಟ್ಟೆಗೆ ಮೇಷ್ಟ್ರ ಹಳೇ ಪಂಚೆಗಳನ್ನೇ ಇಸಿದುಕೊಂಡೆವು. ಎಷ್ಟೋ ಸಲ ಒಗೆದ ಹತ್ತಿ ಬಟ್ಟೆ, ಗಂಜಿಯೂ ಇಲ್ಲ, ನಾರೂ ಬಿಡುವುದಿಲ್ಲ. ಒಂದೂವರೆ ಅಡಿಯ ತುಂಡುಗಳಾಗಿ ಹರಿದು, ನೀರಲ್ಲಿ ಅದ್ದಿ, ಬಿಗಿಯಾಗಿ ಹಿಂಡಿ ಸಾಲಾಗಿ ಇಟ್ಟುಕೊಂಡೆವು.

ಕಿಟಕಿ ಮುಚ್ಚಿ, ಫ್ಯಾನ್ ಆರಿಸಿ, ಫೋನ್ ಬೇರೆ ಕೋಣೆಯಲ್ಲಿಟ್ಟು ಶುರು ಮಾಡಿದೆವು. ನನ್ನ ಜೊತೆ ಬಂದ ಪೇಂಟಿಂಗ್ ಮೇಸ್ತ್ರಿ ಹಚ್ಚುವುದು, ನಾನು ಬಟ್ಟೆ ಒತ್ತುವುದು. ಕೊನೆಯವರೆಗೂ ಹೀಗೇ, ಮಧ್ಯದಲ್ಲಿ ಅದಲು ಬದಲು ಇಲ್ಲ. ಒಬ್ಬೊಬ್ಬರ ಕೈ ಒತ್ತುವ ರೀತಿ ಬೇರೆ. ಕೈ ಬದಲಾದ ಜಾಗ ಗೋಡೆಯಲ್ಲಿ ಕಾಣುತ್ತದೆ. ಕಿಟಕಿಯ ಮೂಲೆಯಿಂದ ಆರಂಭಿಸಿ ಮೇಸ್ತ್ರಿ ಸುಮಾರು ಎರಡು ಅಡಿ ಅಗಲ ಗ್ಲೇಜ್ ಹಚ್ಚಿದರು. ಅಂಚು ನೇರವಾಗಿ ಇಡಲಿಲ್ಲ, ಹರಕು ಮುರುಕಾಗಿ ಬಿಟ್ಟರು. ನೇರ ಗೆರೆಯನ್ನು ಕಣ್ಣು ತಕ್ಷಣ ಹಿಡಿಯುತ್ತದೆ. ನಾನು ಬಟ್ಟೆಯನ್ನು ಮುದ್ದೆ ಮಾಡಿ, ಒತ್ತಿ, ಎತ್ತಿ, ಮಣಿಕಟ್ಟು ತಿರುಗಿಸಿ ಮತ್ತೆ ಒತ್ತುತ್ತಾ ಹೋದೆ. ಒಂದೇ ದಿಕ್ಕಿನಲ್ಲಿ ಒತ್ತಿದರೆ ಅದೇ ಅಚ್ಚು ಮತ್ತೆ ಮತ್ತೆ ಬೀಳುತ್ತದೆ. ಆಗ ಅದು ಮುದ್ರಿಸಿದ ಕಾಗದದಂತಾಗುತ್ತದೆ. ನಾಲ್ಕೈದು ಸಲ ಒತ್ತಿದ ಮೇಲೆ ಬಟ್ಟೆಯ ಹೊಸ ಮಡಿಕೆ. ಬಟ್ಟೆ ತುಂಬಿಕೊಂಡರೆ ಅದು ಗ್ಲೇಜ್ ಎತ್ತುವುದನ್ನು ಬಿಟ್ಟು ವಾಪಸ್ ಗೋಡೆಗೇ ಮೆತ್ತುತ್ತದೆ. ಅದು ಕೈಗೇ ಗೊತ್ತಾಗುತ್ತದೆ. ಬಟ್ಟೆ ಗೋಡೆಯಿಂದ ಬಿಡುವಾಗ ಬರುವ ಸಣ್ಣ ಚಟಪಟ ಸದ್ದು ನಿಂತು ಮೆತ್ತಗಾಗುತ್ತದೆ. ಆಗ ತಕ್ಷಣ ಬೇರೆ ತುಂಡು ತೆಗೆದುಕೊಳ್ಳಬೇಕು.

ಬಲಗಡೆಯ ನಾಲ್ಕೈದು ಇಂಚು ಮಾತ್ರ ಒತ್ತದೆ ಹಸಿಯಾಗೇ ಬಿಡುತ್ತಿದ್ದೆ. ಮೇಸ್ತ್ರಿ ಮುಂದಿನ ಭಾಗವನ್ನು ಆ ಹಸಿ ಅಂಚಿಗೆ ಸೇರಿಸಿ ಹಚ್ಚುವುದು, ಆಮೇಲೆ ಎರಡನ್ನೂ ನಾನು ಒಟ್ಟಿಗೆ ಒತ್ತುವುದು. ಇಡೀ ಕೆಲಸದ ಗುಟ್ಟು ಈ ಹಸಿ ಅಂಚಿನಲ್ಲಿದೆ. ಅಮ್ಮ ಕಾಫಿ ತಂದಾಗಲೂ ನಿಲ್ಲಿಸಲಿಲ್ಲ. ಒಂದು ಮೂಲೆಯಿಂದ ಇನ್ನೊಂದು ಮೂಲೆ ಮುಟ್ಟುವವರೆಗೆ ನಿಲ್ಲುವಂತೆಯೇ ಇಲ್ಲ. ಮೂಲೆಗಳಲ್ಲಿ, ಮರದ ಪಟ್ಟಿಯ ಮೇಲಂಚಿನಲ್ಲಿ ಗ್ಲೇಜ್ ಸೇರಿಕೊಂಡು ಕಪ್ಪು ಗೆರೆಯಾಗುತ್ತದೆ. ಅಲ್ಲಿ ಬಟ್ಟೆ ಹೋಗುವುದಿಲ್ಲ. ಸಣ್ಣ ಒಣ ಬ್ರಷ್‌ನ ತುದಿಯಲ್ಲಿ ಕುಟ್ಟಿ ತೆಳು ಮಾಡಿದೆವು.

ಎರಡು ದಿನ ಬಿಟ್ಟು ನೀರಿನ ಬೇಸ್‌ನ ಮ್ಯಾಟ್ ಕ್ಲಿಯರ್ ಕೋಟ್ ಹೊಡೆದೆವು. ಹೊಳಪಿನದು ಹಾಕಿದ್ದರೆ ಕಿಟಕಿಯ ಬೆಳಕಿಗೆ ಗೋಡೆ ಮಿರಮಿರ ಅನ್ನುತ್ತಿತ್ತು. ಗ್ಲೇಜಿನ ಆಳವೇ ಕಾಣುತ್ತಿರಲಿಲ್ಲ.

ಆಮೇಲೆ

ಮದುವೆ ಮುಗಿಯಿತು. ಮುಂದಿನ ಮಳೆಗಾಲದಲ್ಲಿ ಹೋಗಿ ನೋಡಿದಾಗ ಕೆಳಗಿನ ಸುಣ್ಣದ ಭಾಗದಲ್ಲಿ ಎರಡು ಕಡೆ ತೆಳುವಾಗಿ ಉಪ್ಪು ಬಂದಿತ್ತು. ಹಿಂದಿನ ವರ್ಷಕ್ಕೆ ಹೋಲಿಸಿದರೆ ಏನೂ ಅಲ್ಲ. ಮೇಷ್ಟ್ರು ತಾವೇ ಬ್ರಷ್‌ನಲ್ಲಿ ಒರೆಸಿ ಸುಣ್ಣ ಬಳಿದಿದ್ದರು. ಪಟ್ಟಿಯ ಮೇಲಿನ ಗ್ಲೇಜ್ ಹಾಗೇ ಇತ್ತು. ಹೊರಗೆ ದಾಸವಾಳ, ಮಲ್ಲಿಗೆ ಎಲ್ಲ ಈಗ ಕುಂಡಗಳಿಗೆ ಬಂದಿವೆ.

ಉಳಿದ ಗ್ಲೇಜನ್ನು ಬಿಗಿ ಮುಚ್ಚಳದ ಗಾಜಿನ ಬಾಟಲಿಗೆ ಹಾಕಿ, ಮೇಲೆ ಬೇಸ್ ಬಣ್ಣದ ಕೋಡ್, ಪಾಲಿನ ಲೆಕ್ಕ ಬರೆದು ಕೊಟ್ಟಿದ್ದೇನೆ. ಸಣ್ಣ ಮೊಳೆ ತೂತಿಗೆ ಅದು ಸಾಕು. ಚುಕ್ಕಿಯಷ್ಟೇ ಹಚ್ಚಿ ಬೆರಳಲ್ಲಿ ಒತ್ತಿದರೆ ಗೊತ್ತಾಗುವುದಿಲ್ಲ. ಅಂಗೈ ಅಗಲ ಏಟು ಬಿದ್ದರೆ ಮಾತ್ರ ತೇಪೆ ಹಾಕಲು ಬರುವುದಿಲ್ಲ. ಮೂಲೆಯಿಂದ ಮೂಲೆಗೆ ಮತ್ತೆ ಮಾಡಬೇಕು. ಇದನ್ನು ಕೆಲಸಕ್ಕೆ ಮೊದಲೇ ಹೇಳಿದ್ದೆ. ಗ್ಲೇಜ್ ಮಾಡುವ ಪ್ರತಿಯೊಬ್ಬರೂ ಇದನ್ನು ಮೊದಲೇ ಹೇಳಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಹಜಾರ ಚೆನ್ನಾಗಿ ಬಂತು ಅಂತ ಮಲಗುವ ಕೋಣೆಗೂ ಮಾಡಿಕೊಡಿ ಅಂದರು. ಆ ಗೋಡೆಯ ಆಚೆ ಬದಿ ಬಚ್ಚಲುಮನೆ. ಮುಕ್ಕಾಲು ಭಾಗ ಬೀರು ಮುಚ್ಚಿಕೊಂಡಿದೆ. ಉಳಿದ ಕಡೆ ಸೊಳ್ಳೆ ಪರದೆಯ ಮೊಳೆಗಳು, ಕ್ಯಾಲೆಂಡರ್, ಸ್ವಿಚ್ ಬೋರ್ಡ್. ಬೇಡ ಅಮ್ಮಾ ಅಂದೆ. ಹಜಾರದ ಬೇಸ್‌ಗೆ ಹಾಕಿದ ಅದೇ ಕೆನೆ ಬಣ್ಣವನ್ನು ಅಲ್ಲಿಗೆ ಸಾದಾ ಆಗಿ ಹೊಡೆಸಿದೆವು.